ಕೆಸರು ಮೆತ್ತಿದ ಗಾಡಿಗಳ ಗುರುತುಗಾರ

ಬೆಳಗಿನ ಆರೂವರೆ. ಊರಿನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಎರಡನೇ ಮಹಡಿಯ ಕಿಟಕಿಯ ಬಳಿ ಎಪ್ಪತ್ತಾರರ ಒಬ್ಬರು ಆಗಲೇ ಮೇಜಿಗೆ ಬಾಗಿ ಕೂತಿದ್ದಾರೆ. ಮುಂದೆ ಅಂಗೈಯಗಲದ ಕಪ್ಪು ಬಿಳುಪು ಫೋಟೊ. ಬಂಡೆಗಳ ನಡುವಿನ ತೊರೆಯಲ್ಲಿ ಸವಾರನೊಬ್ಬ ಮೋಟಾರ್ ಸೈಕಲ್ ಮೇಲೆ ಎದ್ದು ನಿಂತಿದ್ದಾನೆ, ದಡದಲ್ಲಿ ಕೊಡೆ ಹಿಡಿದ ಜನ. ಇವರ ಭೂತಗನ್ನಡಿ ಮಾತ್ರ ಚೌಕಟ್ಟಿನ ಒಂದು ಬೆಸುಗೆಯ ಮೇಲೆ ನಿಂತಿದೆ.

"ಬೆಳಕು ಓರೆಯಾಗಿ ಬೀಳೋದು ಈ ಒಂದು ಗಂಟೆ ಮಾತ್ರ," ಎನ್ನುತ್ತಾರೆ ತಲೆಯೆತ್ತದೆ. "ಆಮೇಲೆ ಫೋಟೊ ಹೊಳೆಯೋಕೆ ಶುರು ಮಾಡತ್ತೆ. ಏನೂ ಕಾಣಲ್ಲ."

ಬೀದಿಯವರಿಗೆಲ್ಲ ಇವರು ಫಿಟ್ಟರ್. ಮೋಟಾರ್ ಸೈಕಲ್ ಕಾರ್ಖಾನೆಯೊಂದರ ಸ್ಪರ್ಧಾ ವಿಭಾಗದಲ್ಲಿ ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದವರು. ಟ್ರಯಲ್ಸ್ ಎಂಬ ಆ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೆಸರು, ತೊರೆ ದಾಟುವಾಗ ಕಾಲು ನೆಲಕ್ಕೆ ತಾಗಬಾರದು, ಅಷ್ಟೇ. ತಾಗಿದಷ್ಟೂ ಸಲ ಅಂಕ ಹೋಗುತ್ತದೆ. ಅದಕ್ಕೆಂದೇ ಕಾರ್ಖಾನೆ ಕೈಯಾರೆ ಹಗುರ ಮಾಡಿ ಕಟ್ಟಿದ ಗಾಡಿಗಳು ಬೆರಳೆಣಿಕೆಯಷ್ಟು. ಕಾರ್ಖಾನೆ ಮುಚ್ಚಿದ ದಿನ ದಾಖಲೆಗಳೆಲ್ಲ ರದ್ದಿಗೆ ಹೋದವು. ಉಳಿದದ್ದು ಫೋಟೊಗಳು.

ನಂಬರ್ ಪ್ಲೇಟ್ ನೋಡಿದರೆ ಸಾಲದೇ ಎಂದು ಕೇಳಿದರೆ ನಗುತ್ತಾರೆ. "ಪ್ಲೇಟ್ ನಂಬಿದವನು ಕೆಟ್ಟ. ಅವತ್ತು ಯಾವ ಗಾಡಿ ರೆಡಿ ಇತ್ತೋ ಅದಕ್ಕೆ ಅದೇ ಪ್ಲೇಟ್ ಸಿಕ್ಕಿಸ್ತಿದ್ವಿ. ನಾನೇ ಎಷ್ಟು ಸಲ ಸಿಕ್ಕಿಸಿದೀನಿ."

ಹಾಗಾಗಿ ಇವರು ನೋಡುವುದು ಬೆಸುಗೆ, ಟ್ಯಾಂಕಿನ ತಗ್ಗು, ತೂಕ ಇಳಿಸಲು ಕೊರೆದ ತೂತುಗಳ ಲೆಕ್ಕ. ಹಳೇ ಗಾಡಿ ಇಟ್ಟುಕೊಂಡವರು, ವಸ್ತುಸಂಗ್ರಹಾಲಯದವರು ತಮ್ಮಲ್ಲಿರುವುದು ಈ ಫೋಟೊದ ಗಾಡಿಯೇ ಎಂದು ಕೇಳಿ ಅಂಚೆಯಲ್ಲಿ ಫೋಟೊ ಕಳಿಸುತ್ತಾರೆ. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಕೊನೆಗೆ ಒಂದು ಹಾಳೆಯಲ್ಲಿ 'ಹೌದು' ಅಥವಾ 'ಇಲ್ಲ' ಎಂದು ಬರೆದು ಸಹಿ ಹಾಕುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಪಾಡು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರಿಗೆ ದಕ್ಕಿದ್ದು ಕೆಸರು, ಅದೂ ಫೋಟೊದಲ್ಲಿ.

"ಇದರಲ್ಲಿ ಅರ್ಧದಷ್ಟು ಹೊತ್ತು ನನ್ನ ಮುಖ ನೋಡಿದ್ದರೆ ನನ್ನ ಹುಟ್ಟುಹಬ್ಬ ಆದರೂ ನೆನಪಿರೋದು," ಎನ್ನುತ್ತಾರೆ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವ ಹೆಂಡತಿ. ಫಿಟ್ಟರ್ ಭೂತಗನ್ನಡಿಯನ್ನು ಮುಂದಿನ ಬೆಸುಗೆಗೆ ಸರಿಸುತ್ತಾರೆ.

ಈಚೆಗೆ ಆ ಮನೆಯಲ್ಲಿ ತಮಾಷೆ ಕಡಿಮೆ. ಕಾರಣ, ಹತ್ತೊಂಬತ್ತು ವರ್ಷದ ಹಿಂದೆ ಇವರು ಬರೆದ ಒಂದು 'ಇಲ್ಲ'.

ಅಂದು ಬಂದವರು ನಿವೃತ್ತ ಸವಾರರೊಬ್ಬರು. ತಾವು ದೊಡ್ಡ ಸ್ಪರ್ಧೆ ಗೆದ್ದ ಗಾಡಿ ಮನೆಯ ಶೆಡ್ಡಿನಲ್ಲೇ ಇದೆ, ಅದನ್ನು ಹೆಸರಿನೊಂದಿಗೆ ಸಂಗ್ರಹಾಲಯಕ್ಕೆ ಕೊಡಬೇಕು ಎಂಬುದು ಅವರ ಆಸೆ. ಕಾರ್ಖಾನೆ ಆ ವರ್ಷ ಕಟ್ಟಿದ್ದು ಎರಡೇ ಗಾಡಿ. ಒಂದಕ್ಕೆ ಮುಂದಿನ ಚಕ್ರದ ಬ್ರೇಕ್ ಎಡಕ್ಕೆ, ಪ್ರಯೋಗಕ್ಕೆಂದು ಇನ್ನೊಂದಕ್ಕೆ ಬಲಕ್ಕೆ. ಶೆಡ್ಡಿನ ಗಾಡಿಗೆ ಎಡಕ್ಕಿತ್ತು. ಗೆಲುವಿನ ದಿನದ ಫೋಟೊ ಸಿಕ್ಕಿದ್ದು ಒಂದೇ, ಅದೂ ಮುಂದಿನಿಂದ ತೆಗೆದದ್ದು. ನೀರು ಚಿಮ್ಮುತ್ತಿದೆ, ಪ್ಲೇಟಿಗೆ ಕೆಸರು ಮೆತ್ತಿದೆ, ಬ್ರೇಕ್ ಮಾತ್ರ ಸ್ಪಷ್ಟವಾಗಿ ಸವಾರನ ಬಲಕ್ಕೆ. ಫಿಟ್ಟರ್ 'ಇಲ್ಲ' ಎಂದು ಬರೆದರು. ಸಂಗ್ರಹಾಲಯ ಗಾಡಿಯನ್ನು ವಾಪಸು ಕಳಿಸಿತು. ಗೆದ್ದವರು ನಾಲ್ಕೇ ವರ್ಷದಲ್ಲಿ ತೀರಿಕೊಂಡರು, ಬಡಾಯಿಕೋರ ಎಂಬ ಹೆಸರು ಹೊತ್ತು.

ಹೋದ ತಿಂಗಳು ಹಳೇ ಕ್ಲಬ್ಬೊಂದು ಆಲ್ಬಮ್ ಮಾಡುತ್ತೇವೆಂದು ಅದೇ ಫೋಟೊವನ್ನು ದೊಡ್ಡದಾಗಿ ಮುದ್ರಿಸಿ ಕಳಿಸಿತು. ಕಾಫಿ ತಂದಿಟ್ಟ ಹೆಂಡತಿ ಒಮ್ಮೆ ಇಣುಕಿ ನೋಡಿದರು. "ಇದೇನ್ರೀ, ಈ ಮನುಷ್ಯ ಹೆಂಗಸರ ಕೋಟು ಹಾಕ್ಕೊಂಡಿದಾನೆ? ಗುಂಡಿ ಪಟ್ಟಿ ಉಲ್ಟಾ ಇದೆ."

ಫಿಟ್ಟರ್ ಕಾಫಿ ಮುಟ್ಟಲಿಲ್ಲ. ಗೋಡೆಯ ಕನ್ನಡಿ ಕಿತ್ತು ತಂದು ಫೋಟೊ ಎದುರು ಹಿಡಿದರು. ಗುಂಡಿ ಸರಿಹೋಯಿತು. ಬ್ರೇಕ್ ಎಡಕ್ಕೆ ಬಂತು. ಹಿಂದೆಂದೋ ಯಾರೋ ನೆಗೆಟಿವನ್ನು ಮಗುಚಿ ಹಾಕಿ ಫೋಟೊ ತೊಳೆದಿದ್ದರು. ಕ್ಲಬ್ಬಿನವರು ಮೂಲ ನೆಗೆಟಿವ್ ಹುಡುಕಿ ನೋಡಿ ಹೌದೆಂದರು.

"ಗಾಡಿ ನೋಡಿದೆ, ಮನುಷ್ಯನ್ನ ನೋಡಲಿಲ್ಲ," ಎನ್ನುತ್ತಾರೆ ಫಿಟ್ಟರ್. ಇದು ಅವರಿಗೆ ನುಂಗಲಾರದ ತುತ್ತಾಗಿದೆ. "ನಾನು ಕಬ್ಬಿಣದವನು, ಫೋಟೊದವನಲ್ಲ. ಆದರೆ ಸಹಿ ಹಾಕುವಾಗ ಹಾಗಂತ ಬರೀಲಿಲ್ಲವಲ್ಲ."

ಕಾಗದ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. "ಕಾಗದದಿಂದಲೇ ಕೆಟ್ಟಿದ್ದು. ಎದ್ದು ಹೋಗಿ ಬನ್ನಿ," ಎಂದರು ಹೆಂಡತಿ. ತಾವೂ ಜೊತೆಗೆ ಹೊರಟರು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ.

ಸವಾರರ ಹೆಂಡತಿಗೆ ಈಗ ಎಂಬತ್ತೊಂದು. ಕುರ್ಚಿಯಲ್ಲಿ ಕೂತೇ ಎಲ್ಲವನ್ನೂ ಕೇಳಿಸಿಕೊಂಡರು. ಫೋಟೊ ಎದುರು ಕನ್ನಡಿ ಹಿಡಿಸಿಕೊಂಡು ಗಂಡನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿದರು. ಬೈಯುತ್ತಾರೆಂದು ಫಿಟ್ಟರ್ ತಲೆತಗ್ಗಿಸಿ ನಿಂತಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಆಸ್ಪತ್ರೇಲೂ ನಮ್ಮನೆಯವರು ಅದನ್ನೇ ಹೇಳಿದ್ರು. 'ಅದೇ ಗಾಡಿ ಕಣೇ' ಅಂತ," ಎಂದರು ಆಕೆ. "ನಾನು, 'ಸುಮ್ನಿರಿ, ಬಲ್ಲವರೇ ಬರೆದುಕೊಟ್ಟಿದಾರಲ್ಲ' ಅಂದೆ. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ."

"ತಪ್ಪು ನಂದು, ಅಮ್ಮ," ಎಂದರು ಫಿಟ್ಟರ್.

"ನೀವು ಅವರನ್ನ ನೋಡಿದ್ದು ಅರ್ಧ ದಿನ. ನಾನು ನಲವತ್ತೆರಡು ವರ್ಷ ಸಂಸಾರ ಮಾಡಿದ್ದೆ. ಯಾರ ತಪ್ಪು ದೊಡ್ಡದು, ನೀವೇ ಹೇಳಿ."

ಫಿಟ್ಟರ್ ಕನ್ನಡಿ ಕೆಳಗಿಟ್ಟರು. ಅವರ ಹೆಂಡತಿ ಹೋಗಿ ಆಕೆಯ ಪಕ್ಕ ಕೂತು ಕೈ ಹಿಡಿದುಕೊಂಡರು. ಗಾಡಿ ಮುಂದಿನ ತಿಂಗಳು ಸಂಗ್ರಹಾಲಯಕ್ಕೆ ಹೋಗುತ್ತದೆ, ಸವಾರರ ಹೆಸರಿನೊಂದಿಗೇ.

ಇನ್ನು ಸಾಕು ಮಾಡಬಾರದೇ ಎಂದರೆ ಫಿಟ್ಟರ್ ಕಪಾಟಿನತ್ತ ಕೈ ತೋರಿಸುತ್ತಾರೆ. ಅಲ್ಲಿ ಅವರು ಸಹಿ ಹಾಕಿದ ಹಾಳೆಗಳ, ನೋಡಿದ ಫೋಟೊಗಳ ಇಪ್ಪತ್ತಾರು ವರ್ಷದ ನಕಲು ಪ್ರತಿಗಳಿವೆ. ಹೊಸ ಫೋಟೊ ತೆಗೆದುಕೊಳ್ಳುವುದನ್ನು ಅವರು ನಿಲ್ಲಿಸಿದ್ದಾರೆ. ಈ ಬೆಳಿಗ್ಗೆ ಮೇಜಿನ ಮೇಲಿರುವ ತೊರೆಯ ಫೋಟೊ ಕೂಡ ಹಿಂದೊಮ್ಮೆ ನೋಡಿ 'ಇಲ್ಲ' ಎಂದು ಬರೆದದ್ದೇ.

"ತಪ್ಪಿ 'ಹೌದು' ಅಂದಿದ್ದರೆ ಯಾರೋ ಒಬ್ಬರು ಸುಮ್ಮನೆ ಖುಷಿಪಟ್ಟಿರ್ತಾರೆ, ಬಿಡಿ. ತಪ್ಪಿ 'ಇಲ್ಲ' ಅಂದಿದ್ದರೆ ಒಂದು ಮನೇಲಿ ಒಬ್ಬ ಸುಳ್ಳುಗಾರ ಆಗಿರ್ತಾನೆ. ನಾನು 'ಇಲ್ಲ' ಅಂದ ಮನೆ ಮುನ್ನೂರ ಹದಿನೇಳು ಇದೆ. ನಿನ್ನೆವರೆಗೆ ಇಪ್ಪತ್ತೆರಡು ನೋಡಿದೀನಿ. ಮಿಕ್ಕಿದ್ದು ಮುಗಿಯೋವರೆಗೆ ಈ ಕಣ್ಣು ಇದ್ದರೆ ಸಾಕು."