ದಂಡೆ ಬಿಟ್ಟು ತೆಪ್ಪ ಹತ್ತಿದ್ದು

ಮೊದಲ ಸಲ ತೆಪ್ಪದ ಪಂದ್ಯಕ್ಕೆ ಇಳಿಯುವವರಿಗೆ ಊರೆಲ್ಲ ಬುದ್ಧಿ ಹೇಳುತ್ತದೆ. ನನಗೂ ಹೇಳಿತು. ಹೊಟ್ಟೆ ತುಂಬ ತಿನ್ನಬೇಡ, ಪಕ್ಕದ ತೆಪ್ಪ ನೋಡಬೇಡ, ಹುಟ್ಟನ್ನು ಬಿಗಿಯಾಗಿ ಹಿಡಿ, ಇಲ್ಲ, ಸಡಿಲವಾಗಿ ಹಿಡಿ. ಹೇಳಿದವರಲ್ಲಿ ಬಹಳ ಜನ ತೆಪ್ಪ ಹತ್ತಿದವರೇ ಅಲ್ಲ.

ನಾನು ಜಗಳೂರು ಕಡೆಯ ಹೊಲದ ಮನೆಯವಳು. ಮದುವೆಯಾಗಿ ಬಂದದ್ದು ಸೂಳೆಕೆರೆ ದಂಡೆಯ ಮೀನು ಹಿಡಿಯುವ ಮನೆಗೆ. ನಮ್ಮ ಮನೆಯವರು ಬೆಳಿಗ್ಗೆ ಬಲೆ ಎತ್ತಲು ಹೋದರೆ, ವಾಪಸ್ ಬರುವವರೆಗೆ ನಾನೂ ಅತ್ತೆಯೂ ದಂಡೆಯಲ್ಲಿ ಕೂತಿರಬೇಕು. ಅತ್ತೆ ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ನನಗೆ ಆಗುತ್ತಿರಲಿಲ್ಲ. ಗಾಳಿ ಸ್ವಲ್ಪ ಎದ್ದರೂ ಎದ್ದು ಓಡಾಡುತ್ತಿದ್ದೆ. ಆ ಕಾಯುವುದು ನನ್ನ ಜೀವ ಹಿಂಡುತ್ತಿತ್ತು. ನನ್ನನ್ನೂ ಕರೆದುಕೊಂಡು ಹೋಗಿ ಎಂದು ದಿನಾ ಪೀಡಿಸುತ್ತಿದ್ದೆ. ಊರಿನವರು ಗಂಡ ಹೆಂಡಿರ ಜೋಡಿಗಳಿಗೆ ತೆಪ್ಪದ ಪಂದ್ಯ ಇಟ್ಟಾಗ ಅವರು ಒಂದು ಮಾತಿಗೆ ಒಪ್ಪಿದರು. ಕೆರೆಯ ನಡುವೆ ನೆಟ್ಟ ಬಾವುಟವನ್ನು ಸುತ್ತಿಕೊಂಡು ಬಂದು ದಡ ಸೇರುವವರೆಗೆ ನನ್ನ ಕೈ ನಿಲ್ಲದಿದ್ದರೆ, ಮರುದಿನದಿಂದ ಬಲೆಗೆ ನಾನೂ ಜೊತೆ.

ಹುಟ್ಟು ಹಿಡಿದ ಮೊದಲ ದಿನ, ಬಾವಿಯಿಂದ ನೀರು ಸೇದಿದ ಹಾಗೆ ಒಂದೇ ಪಕ್ಕ ಜಗ್ಗಿದೆ. ತೆಪ್ಪ ಬುಗುರಿಯಾಯಿತು. ಅವರು ನಕ್ಕು ನಕ್ಕು ಸುಸ್ತಾದರು, ನನಗೆ ಮೈಯೆಲ್ಲ ಉರಿಯಿತು. ಹುಟ್ಟನ್ನು ಮುಂದಕ್ಕೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅಷ್ಟು ಕಲಿಯುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಪಂದ್ಯದ ದಿನ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ತೆಪ್ಪದಲ್ಲಿ ಕೂತರೆ, ಅತಿಥಿಗಳು ಬಂದಿಲ್ಲವೆಂದು ಸೀಟಿಯನ್ನೇ ಊದಲಿಲ್ಲ. ಅಲ್ಲೂ ಕಾಯುವುದೇ! ಕೊನೆಗೆ ಊದಿದಾಗ ಕೈ ತಾನಾಗಿ ಓಡಿತು. ಬಾವುಟದ ಹತ್ತಿರ ಯಾರದೋ ಬಲೆಯ ಬೆಂಡುಗಳು ತೇಲುತ್ತಿದ್ದವು. ನೇರ ಹೋಗೋಣ ಎಂದೆ.

"ಇನ್ನೊಬ್ಬರ ಬಲೆ ಮ್ಯಾಲೆ ಹೋಗಾಕೆ ಆಗಲ್ಲ," ಎಂದು ಅವರು ತೆಪ್ಪ ತಿರುಗಿಸಿದರು.

ಹಿಂದೆ ಬರುತ್ತಿದ್ದ ನಮ್ಮೂರಿನವರೂ ಸುತ್ತಿಕೊಂಡೇ ಬಂದರು. ಬೇರೆ ಊರಿನ ಜೋಡಿಯೊಂದು ನೇರ ನುಗ್ಗಿ ಗೆದ್ದುಕೊಂಡು ಹೋಯಿತು. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದೇ: ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಸುತ್ತುವಾಗ ನಮ್ಮೂರಿನವರೂ ನಮ್ಮನ್ನು ದಾಟಿ ಹೋದರು, ನಾವು ಬಂದದ್ದು ಎಲ್ಲರಿಗಿಂತ ಕೊನೆಗೆ. ತೋಳು ಕಳಚಿ ಬೀಳುವಂತಿತ್ತು, ಆದರೆ ಕೈ ನಿಂತಿರಲಿಲ್ಲ.

ದಡಕ್ಕೆ ಹಾರಿ, ನಾಳೆಯಿಂದ ಇಲ್ಲಿ ಕೂರುವುದಿಲ್ಲ ಎಂದು ಅತ್ತೆಯ ಮುಂದೆ ಕುಣಿದೆ. ಆಮೇಲೆ ನೋಡಿದರೆ ಅವರ ಸೀರೆ ಮೊಣಕಾಲವರೆಗೆ ಒದ್ದೆ. ಕೂತ ಕಡೆಯಿಂದ ಎಂದೂ ಅಲ್ಲಾಡದವರು ನೀರಿಗೆ ಇಳಿದು ನಿಂತಿದ್ದರು.

"ಹೋಗವ್ವ, ಬ್ಯಾಡ ಅನ್ನಲ್ಲ," ಎಂದರು. "ಇಷ್ಟು ದಿನ ಇಬ್ಬರು ಕೂತು ಒಬ್ಬನ್ನ ಕಾಯ್ತಿದ್ವಿ. ಇನ್ನ ನಾನೊಬ್ಬಳೇ ಕೂತು ಇಬ್ಬರನ್ನ ಕಾಯ್ಬೇಕು."

ಆದರೂ ಮರುದಿನ ಹೋದೆ, ಹಠ ಬಿಡಲಿಲ್ಲ. ಅರ್ಧ ಬಲೆ ಎತ್ತುವಷ್ಟರಲ್ಲಿ, ಸಿಕ್ಕಷ್ಟು ಮೀನು ಸಾಕು, ಬೇಗ ದಂಡೆಗೆ ತಿರುಗಿಸಿ ಎಂದು ನಮ್ಮ ಮನೆಯವರ ಜೀವ ತಿಂದೆ.