ಬೋರಲು ಮಲಗಿದ ಮುದುಕಿ

ವಸ್ತುಸಂಗ್ರಹಾಲಯಕ್ಕೆ ಬಂದವರಿಗೆ ವಿವರ ಹೇಳುವ ಹೆಂಗಸನ್ನು ಜೊತೆಯವರು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಅವಳು ಬಾಯಿ ತೆರೆದರೆ ಒಡೆದ ಮಡಕೆಯ ಚೂರಿಗೂ ಜೀವ ಬರುತ್ತಿತ್ತು. ಆದರೆ ಈ ಕೆಲಸ ಅವಳಿಗೆ ಸುಮ್ಮನೆ ದಕ್ಕಿದ್ದಲ್ಲ. ಗಂಡ ತೀರಿಕೊಂಡಾಗ ಮಗಳಿನ್ನೂ ಕೈಗೂಸು. ಮೂಲೆ ಹಿಡಿದು ಕೂತವಳನ್ನು ಎಬ್ಬಿಸಿ ಕಾಲೇಜಿಗೆ ಕಳಿಸಿದವಳು ಅತ್ತೆ. ಮಗನನ್ನು ಕಳೆದುಕೊಂಡ ಸಂಕಟ ನುಂಗಿಕೊಂಡು, ಕೂಸನ್ನು ಸೊಂಟಕ್ಕೇರಿಸಿಕೊಂಡು, ಸೊಸೆ ಓದಿ ಮುಗಿಸುವ ತನಕ ಮನೆ ನಡೆಸಿದ ಮುದುಕಿ ಅದು. ಒಂದು ದಿನವೂ ಸೊಸೆಯನ್ನು ಗದರಿದವಳಲ್ಲ.

ಸಂಗ್ರಹಾಲಯದ ಒಳಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಸಾವಿರಾರು ವರ್ಷ ಹಳೆಯ ಸಮಾಧಿಯೊಂದನ್ನು ಮಣ್ಣಿನ ಸಮೇತ ತಂದಿಟ್ಟಿದ್ದರು. ಅದರೊಳಗೆ ಒಬ್ಬ ಮುದುಕಿಯ ಅಸ್ಥಿಪಂಜರ, ಅದೂ ಬೋರಲು. ಅಗೆದ ಜಾಗದಲ್ಲಿ ಸುತ್ತಲಿನ ಸಮಾಧಿಗಳಲ್ಲಿ ಎಲ್ಲರೂ ಅಂಗಾತ ಮಲಗಿದ್ದರು, ಇವಳೊಬ್ಬಳ ಮುಖ ಮಾತ್ರ ಮಣ್ಣಿಗೆ. ಶಿಕ್ಷೆಯೋ, ಉಳಿದವರ ಹೆದರಿಕೆಯೋ, ಅವಳೇ ಬೇಡಿಕೊಂಡಿದ್ದೋ, ಬಲ್ಲವರಿಲ್ಲ. ಮೊದಮೊದಲು ಮಾತಿನಮಲ್ಲಿ ಕಾರಣ ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು. ಜನ ಆಕಳಿಸುತ್ತಿದ್ದರು. ಒಂದು ದಿನ ಬಾಯಿ ಜಾರಿ, ಯಾರದೋ ಅತ್ತೆ ಇರಬೇಕು, ಎದ್ದು ಬಂದು ಮತ್ತೆ ಸೊಸೆಯನ್ನು ಬೈಯಬಾರದು ಅಂತ ಬೋರಲು ಹಾಕಿದ್ದಾರೆ ಎಂದುಬಿಟ್ಟಳು. ಜನ ಗೊಳ್ಳೆಂದು ನಕ್ಕರು. ಅಲ್ಲಿಂದಾಚೆ ಅದೇ ಕಾಯಂ ಆಯಿತು. ಚಪ್ಪಾಳೆಯ ರುಚಿ ಹತ್ತಿದ ನಾಲಿಗೆಗೆ ಲಗಾಮು ಹಾಕುವವರು ಯಾರು?

ಸೊಸೆಯ ಮಾತು ಕೇಳಬೇಕೆಂದು ಅತ್ತೆಗೆ ಬಹಳ ದಿನದ ಆಸೆ. ಅಕ್ಕಪಕ್ಕದ ಮನೆಯ ಹೆಂಗಸರ ಮುಂದೆ ಹೊಗಳಿ ಹೊಗಳಿ, ಕಡೆಗೊಂದು ಮಧ್ಯಾಹ್ನ ಅವರಲ್ಲಿ ಇಬ್ಬರನ್ನು ಕರೆದುಕೊಂಡು ಹೇಳದೆ ಕೇಳದೆ ಬಂದು ಗುಂಪಿನ ಹಿಂದೆ ನಿಂತಳು. ಮುಂದೆ ಅದೇ ಮಾತು, ಅದೇ ನಗು. ನಿಮ್ಮ ಮನೆಯಲ್ಲೂ ಅತ್ತೆ ಇದ್ದಾರಾ ಎಂದು ಯಾರೋ ಕೆಣಕಿದರು.

"ಇದಾರೆ. ಅದಕ್ಕೇ ಇಷ್ಟು ಚೆನ್ನಾಗಿ ಗೊತ್ತು," ಎಂದಳು ಮಾತಿನಮಲ್ಲಿ.

ನಗು ಇಳಿದ ಮೇಲೆ, ನಗದೆ ನಿಂತಿದ್ದ ಮೂವರು ಕಣ್ಣಿಗೆ ಬಿದ್ದರು. ನೆರೆಮನೆಯವರು ನೆಲ ನೋಡುತ್ತಿದ್ದರು. ಅತ್ತೆ ಗಾಜಿನೊಳಗಿನ ಮುದುಕಿಯನ್ನೇ ನೋಡುತ್ತಿದ್ದಳು. ಮಾತಿನಮಲ್ಲಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮುಂದಿನ ಕೋಣೆಯಲ್ಲಿ ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಮುಗಿಸಿ ತಿರುಗುವಷ್ಟರಲ್ಲಿ ಮೂವರೂ ಹೊರಟುಹೋಗಿದ್ದರು.

ಸಂಜೆ ಮನೆಗೆ ಹೋಗಲು ಮುಖವಿರಲಿಲ್ಲ. ಅತ್ತೆ ಎಂದಿನಂತೆ ಮೊಮ್ಮಗಳ ಬಟ್ಟೆ ಮಡಚುತ್ತಿದ್ದಳು. ಮಾತಿನಮಲ್ಲಿ ಪಕ್ಕದಲ್ಲಿ ಕೂತಳು.

"ತಪ್ಪಾಯ್ತು ಅತ್ತೆ. ಜನ ನಗ್ಲಿ ಅಂತ ಹೇಳ್ದೆ. ಆ ಗಾಜಿನೊಳಗಿನ ಮುದುಕಿ ಯಾರು ಏನು ಅಂತ ಯಾರಿಗೂ ಗೊತ್ತಿಲ್ಲ."

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಮಡಚಿಟ್ಟಳು. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇರ್ಲಿ ಬಿಡಮ್ಮ. ನಾನು ಹೋದಾಗ ಮಾತ್ರ ಅಂಗಾತ ಮಲಗ್ಸು. ಪಕ್ಕದ ಮನೆಯವರು ಬಂದಿರ್ತಾರೆ, ಅವರೂ ನಿನ್ನ ಮಾತು ಕೇಳಿಸ್ಕೊಂಡಿದಾರೆ."