ಜ್ವರ ಬಿಟ್ಟ ದಿನ ಬರುವ ಚಿತ್ತಮ್ಮ

ಬೆಳಗಿನ ಆರೂ ಆಗಿಲ್ಲ. ಹಿರಿಯೂರು ಬಳಿಯ ಆದಿವಾಲದ ಆಚೆಯ ಹಟ್ಟಿಯಲ್ಲಿ ಜಯಕ್ಕ ಹಂಡೆಯಡಿ ಬೆಂಕಿ ಹಾಕಿದ್ದಾಳೆ. ಐದು ದಿನ ಡೆಂಗಿಯಲ್ಲಿ ಮಲಗಿದ್ದ ಗಂಡ ಕರಿಯಣ್ಣನ ಮೈ ರಾತ್ರಿ ತಣ್ಣಗಾಗಿದೆ. ಇನ್ನು ವಾಡಿಕೆಯಂತೆ ತಲೆಗೆ ನೀರು ಹಾಕಿಕೊಂಡು ಕುರಿ ಬಿಡುವುದಷ್ಟೇ ಬಾಕಿ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಚಿತ್ತಮ್ಮ ಬಂದು ಕುರಿರೊಪ್ಪದ ಬಾಗಿಲಿಗೆ ಅಡ್ಡ ಕುಳಿತುಬಿಡುತ್ತಾರೆ.

“ಜ್ವರ ಬಿಟ್ಟೈತಲ್ಲ, ಇನ್ಯಾಕೆ ಬಂದೆ?” ಎಂದು ಕರಿಯಣ್ಣ ರೇಗುತ್ತಾನೆ.

ಊರವರು ಜ್ವರ ಬಂದಾಗ ನೋಡಲು ಬಂದರೆ, ಈಕೆ ಬಿಟ್ಟ ಮೇಲೂ ಮೂರು ದಿನ ಬಿಡದೆ ಬರುವವರು. ಹನ್ನೊಂದು ವರ್ಷದ ಹಿಂದೆ, ಡೆಂಗಿ ಜ್ವರ ಇಳಿಯಿತೆಂದು ತಮ್ಮ ಗಂಡ ಜುಂಜಣ್ಣನಿಗೆ ತಾವೇ ನೀರು ಹಾಕಿ, ಮುದ್ದೆ ಉಣಿಸಿ ಕುರಿ ಹಿಂದೆ ಕಳಿಸಿದ್ದರು. ಮೈಕೈ ನೋವಿಗೆಂದು ಆತ ಅಂಗಡಿ ಗುಳಿಗೆಗಳನ್ನು ಹುರಿಗಡಲೆಯಂತೆ ನುಂಗಿದ್ದ. ಸಂಜೆಗೆ ವಾಂತಿ, ಮರುದಿನ ಕಣ್ಣು ಹಳದಿ, ಒಸಡಿನಲ್ಲಿ ರಕ್ತ. ಕಾಮಾಲೆಯೆಂದು ನಾಟಿ ಔಷಧಿಗೆ ಅಲೆದು ಆಸ್ಪತ್ರೆ ಸೇರುವ ಹೊತ್ತಿಗೆ ಕಾಲ ಮಿಂಚಿತ್ತು, ಆತ ಉಳಿಯಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಈಗ ಅವರ ಪಾಲಿಗೆ ನಾಲ್ಕು ಹಟ್ಟಿ, ಇನ್ನೂರ ಹದಿನೆಂಟು ಮನೆ, ದಿನಕ್ಕೆ ಏಳು ಕಿಲೋಮೀಟರ್ ನಡಿಗೆ. ತುಂಬಿಟ್ಟ ಡ್ರಮ್ಮಿನಲ್ಲಿ ಸೊಳ್ಳೆಮರಿ ಕಂಡರೆ ನೀರು ಚೆಲ್ಲಿಸಿಯೇ ತೀರುತ್ತಾರೆ, ಬೈಗುಳ ಉಚಿತ.

ಕುರಿಯವನಿಗೆ ಕುರಿಯ ಮಾತೇ ಸರಿಯೆಂದು ಚಿತ್ತಮ್ಮ ಶುರುಮಾಡುತ್ತಾರೆ. “ರೋಗದ ಕುರಿ ಕೊಯ್ದಾಗ ಈಲಿ ಊದಿರೋದು ನೋಡಿಲ್ವೇನಪ್ಪ? ಈ ವೈರಸ್ಸು ನಮ್ಮ ಲಿವರಿನಾಗೂ ಹೊಕ್ಕು ಮರಿ ಹಾಕ್ತೈತೆ. ರಕ್ತ ಹೆಪ್ಪುಗಟ್ಟೋ ಸರಕು ತಯಾರಾಗೋದು ಅಲ್ಲೇ. ಅದು ಕೆಟ್ರೆ ರಕ್ತ ನಿಲ್ಲಾಕಿಲ್ಲ. ಅದ್ರ ಜೊತೆಗೆ ಸಿಕ್ಕ ಗುಳಿಗೆ ನುಂಗಿದ್ರೆ ಗಾಯದ ಮ್ಯಾಲೆ ಬರೆ. ಜ್ವರ ಬಿಟ್ಟ ಮ್ಯಾಲಿನ ಎರಡ್ಮೂರು ದಿನಾನೇ ಜೋಕೆ.”

ಬಲಪಕ್ಕೆಯ ಕೆಳಗೆ ನೀನೇ ಕೈಯಿಟ್ಟು ನೋಡು ಎನ್ನುತ್ತಾರೆ. ಕೈಯಿಟ್ಟ ಕರಿಯಣ್ಣನ ಮುಖ ಕಿವುಚಿಕೊಳ್ಳುತ್ತದೆ. ನಸುಕಿನಲ್ಲಿ ಎರಡು ಸಲ ವಾಂತಿಯಾದದ್ದನ್ನೂ ಆಗ ಒಪ್ಪಿಕೊಳ್ಳುತ್ತಾನೆ. ಐದು ದಿನದಿಂದ ಕುರಿ ಸರಿಯಾಗಿ ಮೇದಿಲ್ಲ, ಅದಕ್ಕೇ ಮುಚ್ಚಿಟ್ಟಿದ್ದನಂತೆ. ಪಕ್ಕದ ಮನೆಯ ಚಿಕ್ಕತಿಮ್ಮಪ್ಪ ಕುರಿ ಹೊಡೆದುಕೊಂಡು ಹೋಗಲು ಒಪ್ಪುತ್ತಾನೆ. ಜಯಕ್ಕ ಒಲೆಯ ಸೌದೆ ಹೊರಗೆಳೆಯುತ್ತಾಳೆ. ಚಿತ್ತಮ್ಮ ಕರೆಸಿದ ಆಂಬುಲೆನ್ಸ್ ಕರಿಯಣ್ಣನನ್ನು ಹೊತ್ತು ಹಿರಿಯೂರಿನ ಆಸ್ಪತ್ರೆಯ ಹಾದಿ ಹಿಡಿಯುತ್ತದೆ.

ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಕರಿಯಣ್ಣ ನಡೆದೇ ಮನೆಯೊಳಗೆ ಬರುತ್ತಾನೆ. ಮರುದಿನ ಹಂಡೆಯ ನೀರು ಕಾದರೂ ಜಯಕ್ಕ ಚೊಂಬು ಮುಟ್ಟುವುದಿಲ್ಲ. ಚಿತ್ತಮ್ಮನಿಗೆ ಹೇಳಿ ಕಳಿಸುತ್ತಾಳೆ. ಚಿತ್ತಮ್ಮ ಅವನ ರೆಪ್ಪೆ ಎಳೆದು ನೋಡಿ, ಆಸ್ಪತ್ರೆಯ ಚೀಟಿ ಓದಿ, ಈಗ ಹಾಕವ್ವ ಎನ್ನುತ್ತಾರೆ. ಆಮೇಲೆ ಗೋಡೆಗೊರಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಇಷ್ಟಕ್ಕೆಲ್ಲ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ನಗುತ್ತಾರೆ. “ಹಾರ ಗೀರ ಬ್ಯಾಡ್ರಿ. ಯಾರಿಗೆ ಜ್ವರ ಬಿಟ್ರೂ ನೀರು ಹಾಕೋಕ್ಮುಂಚೆ ನನ್ನ ಕರೀಲಿ, ಸಾಕು. ಅವತ್ತು ನಂಗೆ ಹೇಳೋರು ಯಾರೂ ಇರ್ಲಿಲ್ಲ. ಇವ್ರಿಗೆ ನಾನಿದೀನಿ.”